ಬಿದ್ದ ಮರವನ್ನು ಅವರು ಯಾಕೆ ಎತ್ತುವುದಿಲ್ಲ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ನಾನು ಎರಡು ವರ್ಷದಿಂದ ವಾರ್ಸಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಅಪ್ಪ ಅಮ್ಮ ಬಂದಿದ್ದಾಗ ಬ್ಯಾವೊವಿಯೆಝಾ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಯುರೋಪಿನ ಕೊನೆಯ ಆದಿಮ ಕಾಡು ಅಂತ ಓದಿದ್ದೆ. ಒಳಗೆ ಹೋದರೆ ಎಲ್ಲಿ ನೋಡಿದರೂ ಬಿದ್ದ ಮರ, ಕೊಳೆತ ಮರ, ಒಣಗಿ ನಿಂತ ಮರ. ಅಪ್ಪ “ನಮ್ಮ ತೋಟದಲ್ಲಾಗಿದ್ದರೆ ವಾರದೊಳಗೆ ಎತ್ತಿಸುತ್ತಿದ್ದೆ, ಇವರು ಕಾಡು ನೋಡಿಕೊಳ್ಳುವುದು ಹೀಗಾ?” ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಮಾರನೇ ದಿನ ಕಾಟಿಯ ಥರದ ಪ್ರಾಣಿ ನೋಡಿದೆವು. ಅದು ನಮ್ಮ ಕಾಟಿಯೇನಾ? ಕಾಡಿನ ನಡುವೆ ಹಾದುಹೋಗುವ ಬೆಲಾರೂಸ್ ಗಡಿಯಲ್ಲಿ ಗೋಡೆ ಕಟ್ಟಿದ್ದಾರಂತೆ, ಪ್ರಾಣಿಗಳಿಗೆ ತೊಂದರೆ ಇಲ್ವಾ? ಇನ್ನೊಮ್ಮೆ ಹೋಗುವುದಾದರೆ ಯಾವಾಗ ಹೋಗಬೇಕು?

ಉತ್ತರ: ನಿಮ್ಮ ಅಪ್ಪನಿಗೆ ಮೊದಲು ಇದನ್ನು ಹೇಳಿ. ಅವರು ಕೇಳಿದ್ದನ್ನೇ ಪೋಲೆಂಡಿನ ಪರಿಸರ ಮಂತ್ರಿಯೂ ಕೇಳಿದ್ದರು. ಕೇಳಿ ಸುಮ್ಮನಾಗಲಿಲ್ಲ, ಮರ ಕಡಿಯುವ ದೊಡ್ಡ ಯಂತ್ರಗಳನ್ನೇ ಕಾಡಿಗೆ ಇಳಿಸಿದರು. ವಿಷಯ ಯುರೋಪಿನ ಕೋರ್ಟಿಗೆ ಹೋಯಿತು, ಸರ್ಕಾರ ಸೋತಿತು. ಆ ಕತೆಗೆ ಆಮೇಲೆ ಬರುತ್ತೇನೆ. ತೋಟದವರಿಗೆ ಈ ಪ್ರಶ್ನೆ ಬರುವುದು ಸಹಜ, ಹಾಗಾಗಿ ತೋಟದಿಂದಲೇ ಶುರು ಮಾಡೋಣ.

ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದರೆ ಏನು ಮಾಡುತ್ತೀರಿ? ಎಲೆ ಹಳದಿಯಾಗಿ ಜೋತು ಬಿದ್ದ ಗಿಡ ಹುಡುಕಿ, ಹುಳ ಹೊರಗೆ ಹಾರುವ ಮೊದಲೇ ಬುಡಸಮೇತ ಕಿತ್ತು ಸುಡುತ್ತೀರಿ. ಸರಿಯಾದ ಕೆಲಸವೇ. ತೋಟದಲ್ಲಿ ಇರುವುದು ಒಂದೇ ಬೆಳೆ. ಗಿಡ ಇರುವುದು ಫಸಲಿಗಾಗಿ, ಸತ್ತ ಗಿಡ ಜಾಗ ಹಿಡಿದುಕೊಂಡರೆ ನಷ್ಟ. ಬ್ಯಾವೊವಿಯೆಝಾದಲ್ಲಿ ಯಾರಿಗೂ ಫಸಲು ಬೇಕಿಲ್ಲ. ಅಲ್ಲಿ ಉಳಿಸಬೇಕಾಗಿರುವುದು ಮರಗಳನ್ನಲ್ಲ, ಮರ ಹುಟ್ಟಿ, ಬೆಳೆದು, ಸತ್ತು, ಬಿದ್ದು, ಮಣ್ಣಾಗುವ ಇಡೀ ಓಟವನ್ನು. ಅದರ ಮೊದಲರ್ಧ ಯುರೋಪಿನ ಎಲ್ಲ ಕಾಡುಗಳಲ್ಲೂ ಇದೆ. ಎರಡನೇ ಅರ್ಧ ಹೆಚ್ಚು ಕಡೆ ಸಿಗುವುದಿಲ್ಲ, ಯಾಕೆಂದರೆ ಮರ ಮುದಿಯಾಗುವ ಮೊದಲೇ ಗರಗಸ ಬಂದಿರುತ್ತದೆ.

ಇನ್ನೊಂದು ಮಾತು. ನಮ್ಮ ಮಲೆನಾಡಿನಲ್ಲೂ ಮರ ಬೀಳುತ್ತವೆ, ಆದರೆ ಅಷ್ಟು ಕಾಣುವುದಿಲ್ಲ, ಅಲ್ವಾ? ನಮ್ಮಲ್ಲಿ ಮಳೆ, ಶಾಖ, ಗೆದ್ದಲು ಮೂರೂ ಸೇರಿ ಬೇಗ ಮುಗಿಸಿಬಿಡುತ್ತವೆ. ಅಲ್ಲಿ ಗೆದ್ದಲೇ ಇಲ್ಲ. ವರ್ಷದಲ್ಲಿ ಎಷ್ಟೋ ತಿಂಗಳು ಎಲ್ಲವೂ ಹೆಪ್ಪುಗಟ್ಟಿರುತ್ತದೆ. ಕೊಳೆಸುವ ಕೆಲಸವೆಲ್ಲ ಅಣಬೆ ಮತ್ತು ಹುಳಗಳದ್ದು, ಅವುಗಳಿಗೆ ಅವಸರವೂ ಇಲ್ಲ. ದೊಡ್ಡ ಓಕ್ ದಿಮ್ಮಿಯೊಂದು ಪೂರ್ತಿ ಮಣ್ಣಾಗಲು ಹಲವು ದಶಕ ಬೇಕು. ಯಾಗೆಲ್ಲೊ ಓಕ್ ಅನ್ನುವ ಹೆಸರಾಂತ ಮರವನ್ನು ಗೈಡ್ ನಿಮಗೆ ತೋರಿಸಿರಬಹುದು. ಅದು ಬಿದ್ದಿದ್ದು 1974ರಲ್ಲಿ. ಇವತ್ತಿಗೂ ಅಲ್ಲೇ ಮಲಗಿದೆ, ಮೈತುಂಬ ಪಾಚಿ ಹೊದ್ದುಕೊಂಡು. 1410ರ ಗ್ರುನ್‌ವಾಲ್ಡ್ ಯುದ್ಧಕ್ಕೆ ಮುಂಚೆ ಪೋಲೆಂಡಿನ ಯಾಗೆಲ್ಲೊ ರಾಜ ಇದರ ನೆರಳಲ್ಲಿ ಕೂತಿದ್ದ ಅಂತ ಕತೆ ಹೇಳುತ್ತಾರೆ. ಬಿದ್ದಾಗ ಮರದ ವಯಸ್ಸು ಸುಮಾರು 450 ವರ್ಷ ಅಂತ ಅಂದಾಜು, ಲೆಕ್ಕ ಹಾಕಿ ನೋಡಿ, ರಾಜ ಬಂದಾಗ ಅದು ಮೊಳಕೆಯೂ ಒಡೆದಿರಲಿಲ್ಲ. ಹೀಗೆ ಬಂದವರೆಲ್ಲ ಕೂತು ಹೋದ ಮರ ನಮ್ಮ ಊರುಗಳಲ್ಲೂ ಒಂದೊಂದು ಇರುತ್ತದಲ್ಲ, ಹಾಗೇ.

ಈಗ ಆ ಸತ್ತ ಮರದೊಳಗೆ ಏನಿದೆ ಅಂತ ನೋಡೋಣ. ಸುಮಾರು ವರ್ಷಗಳ ಹಿಂದೆ ನಾನು ಅಲ್ಲಿ ಒಂದು ವಾರ ಇದ್ದೆ. ಮೊದಲ ದಿನ ತಲೆ ಎತ್ತಿಕೊಂಡು ಓಡಾಡಿದೆ. ಐವತ್ತು ಮೀಟರ್ ಮುಟ್ಟುವ, ಸೂಜಿ ಎಲೆಯ ಸ್ಪ್ರೂಸ್‌ಗಳು, ತಬ್ಬಿಕೊಳ್ಳಲು ನಾಲ್ಕು ಜನ ಬೇಕಾದ ಓಕ್‌ಗಳು. ಎರಡನೇ ದಿನದಿಂದ ತಲೆ ಬಗ್ಗಿಸಿಕೊಂಡೇ ಓಡಾಡಿದೆ, ಯಾಕೆಂದರೆ ಮಜಾ ಎಲ್ಲ ನೆಲದಲ್ಲಿತ್ತು. ಕಾಪಿಟ್ಟ ಭಾಗದಲ್ಲಿ ಒಂದು ಹೆಕ್ಟೇರಿಗೆ ಸತ್ತ ಮರವೇ ನೂರು ಘನ ಮೀಟರಿಗೂ ಜಾಸ್ತಿ ಸಿಗುತ್ತದೆ. ಮರ ಮಾರುವುದಕ್ಕೆಂದೇ ಬೆಳೆಸುವ ಕಾಡುಗಳಲ್ಲಿ ಹತ್ತು ಸಿಕ್ಕರೆ ಪುಣ್ಯ. ಕಾಡಿನ ಜೀವಿಗಳಲ್ಲಿ ಸುಮಾರು ಕಾಲು ಭಾಗ ಸತ್ತ ಅಥವಾ ಸಾಯುತ್ತಿರುವ ಮರವನ್ನೇ ನಂಬಿಕೊಂಡಿರುತ್ತವೆ. ಅದರಲ್ಲೂ ಒಂದೊಂದಕ್ಕೆ ಒಂದೊಂದು ಹಟ. ಒಂದು ಜೀರುಂಡೆಗೆ ಈಗಷ್ಟೇ ಸತ್ತ ಮರದ ತೊಗಟೆ ಕೆಳಗಿನ ಒದ್ದೆ ಜಾಗವೇ ಆಗಬೇಕು, ಇನ್ನೊಂದಕ್ಕೆ ಬಿಸಿಲಲ್ಲಿ ಒಣಗಿ ನಿಂತ ಹಳೇ ಪೈನ್, ಮತ್ತೊಂದಕ್ಕೆ ನೆರಳಲ್ಲಿ ಮಲಗಿ ಅರ್ಧ ಕೊಳೆತ ಸ್ಪ್ರೂಸ್. ಎಲ್ಲವನ್ನೂ ಗುಡಿಸಿ ಎರಡು ದಿಮ್ಮಿ ಮಾದರಿಗೆ ಬಿಟ್ಟರೆ ಸಾಕಾಗುವುದಿಲ್ಲ. ಎಲ್ಲ ವಯಸ್ಸಿನ, ಎಲ್ಲ ಜಾತಿಯ ಹೆಣ ಬೇಕು. ಯುನೆಸ್ಕೊ ಲೆಕ್ಕದಲ್ಲಿ ಈ ಕಾಡಿನಲ್ಲಿ ಬೆನ್ನುಮೂಳೆ ಇಲ್ಲದ ಜೀವಿಗಳೇ 12,000 ಜಾತಿಗೂ ಮೀರಿ ಇವೆ. ಹಕ್ಕಿಗಳು 250ಕ್ಕೂ ಹೆಚ್ಚು, ಹಾಲೂಡಿಸುವ ಪ್ರಾಣಿಗಳು 59.

ಮರಕುಟಿಗಗಳನ್ನೇ ತೆಗೆದುಕೊಳ್ಳಿ. ಬಿಳಿಬೆನ್ನಿನ ಮರಕುಟಿಗ, ಮೂರು ಬೆರಳಿನ ಮರಕುಟಿಗ ಅಂತ ಎರಡಿವೆ. ಪಶ್ಚಿಮ ಯುರೋಪಿನ ಬಯಲು ಕಾಡುಗಳಲ್ಲಿ ಅವು ಕಾಣುವುದಿಲ್ಲ, ಇಲ್ಲಿ ಆರಾಮಾಗಿವೆ. ಮೊದಲನೆಯದಕ್ಕೆ ಕೊಳೆತ ಅಗಲ ಎಲೆಯ ಮರ ಬೇಕು, ಎರಡನೆಯದಕ್ಕೆ ಸತ್ತ ಸ್ಪ್ರೂಸ್. ಅವು ಕೊರೆದು ಬಿಟ್ಟ ಪೊಟರೆಗೆ ಆಮೇಲೆ ಗೂಬೆ, ಬಾವಲಿ, ಪುಟ್ಟ ಹಕ್ಕಿಗಳು ಬಾಡಿಗೆಗೆ ಬರುತ್ತವೆ. ಸ್ಪ್ರೂಸ್‌ಗೆ ಬೇರು ಆಳಕ್ಕೆ ಹೋಗುವುದಿಲ್ಲ. ಹಾಗಾಗಿ ಗಾಳಿಗೆ ಬೀಳುವಾಗ ಬೇರಿನ ಚಾಪೆಯನ್ನೇ ಎತ್ತಿಕೊಂಡು ಬೀಳುತ್ತದೆ, ಮನೆ ಗೋಡೆಯಷ್ಟೆತ್ತರ ನಿಂತ ಆ ಮಣ್ಣಿನ ಚಾಪೆಯ ಸಂದಿಯಲ್ಲಿ ರೆನ್ ಅನ್ನುವ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಹಕ್ಕಿ ಗೂಡು ಕಟ್ಟುತ್ತದೆ, ಬೇರು ಕಿತ್ತ ಗುಂಡಿಯಲ್ಲಿ ನೀರು ನಿಂತು ಕಪ್ಪೆ ಮೊಟ್ಟೆ ಇಡುತ್ತದೆ, ಬಿದ್ದ ದಿಮ್ಮಿಯ ಬೆನ್ನ ಮೇಲೆ ಪಾಚಿ ಬೆಳೆದು ಅದರಲ್ಲಿ ಮುಂದಿನ ತಲೆಮಾರಿನ ಸ್ಪ್ರೂಸ್ ಸಸಿಗಳು ಸಾಲಾಗಿ ಮೊಳೆಯುತ್ತವೆ. ಕೆಳಗೆ ನೆಲದಲ್ಲಿ ಹುಲ್ಲು, ಗಿಡಗಳ ಪೈಪೋಟಿ ಜಾಸ್ತಿ, ದಿಮ್ಮಿ ಮೇಲೆ ಕಡಿಮೆ. ಒಂದೇ ಗೆರೆಯಲ್ಲಿ ನಿಂತ ಮರಗಳನ್ನು ಅಲ್ಲಿ ಕಂಡರೆ ಯಾರೋ ನೆಟ್ಟಿದ್ದು ಅಂದುಕೊಳ್ಳಬೇಡಿ. ಅವುಗಳ ಕೆಳಗೆ ಹಿಂದೆ ಒಂದು ಅಜ್ಜಿ ಮರ ಮಲಗಿತ್ತು.

ಹಕ್ಕಿಗಳ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಎರಡು ಸಂಗತಿ ಇವೆ, ಪ್ರಶ್ನೆಗೆ ನೇರ ಸಂಬಂಧ ಇಲ್ಲದಿದ್ದರೂ ಹೇಳಿಬಿಡುತ್ತೇನೆ. ಯುರೋಪಿನ ಊರುಗಳಲ್ಲಿ ಬೇಸಿಗೆ ಬಂದರೆ ಚೀರುತ್ತಾ ಹಾರಾಡುವ ಸ್ವಿಫ್ಟ್ ಹಕ್ಕಿಗಳನ್ನು ವಾರ್ಸಾದಲ್ಲಿ ನೋಡಿರುತ್ತೀರಿ. ಅಲ್ಲಿ ಅವು ಕಟ್ಟಡಗಳ ಸಂದಿಯಲ್ಲಿ ಗೂಡು ಮಾಡುತ್ತವೆ. ಆದರೆ ಬ್ಯಾವೊವಿಯೆಝಾದಲ್ಲಿ ಅದೇ ಹಕ್ಕಿ ಹಳೇ ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ಊರು, ಕಟ್ಟಡ ಅಂತ ಏನೂ ಇಲ್ಲದ ಕಾಲದಲ್ಲಿ ಅದು ಎಲ್ಲಿತ್ತು ಅನ್ನುವುದಕ್ಕೆ ಉತ್ತರ ಅಲ್ಲಿದೆ. ಎರಡನೆಯದು, ಪೋಲಿಷ್ ಹಕ್ಕಿತಜ್ಞರು 1975ರಿಂದ ಅದೇ ತುಂಡು ಕಾಡುಗಳಲ್ಲಿ ವರ್ಷ ವರ್ಷ ಹಕ್ಕಿ ಎಣಿಸುತ್ತಾ ಬಂದಿದ್ದಾರೆ. ಆದಿಮ ಕಾಡು ಅಂದರೆ ಹಕ್ಕಿಗಳು ಕಿಕ್ಕಿರಿದಿರುತ್ತವೆ ಅಂದುಕೊಳ್ಳುತ್ತೇವೆ. ಜಾತಿಗಳೇನೋ ಬಹಳ. ಆದರೆ ಪಶ್ಚಿಮ ಯುರೋಪಿನ ಸಣ್ಣ ಕಾಡು, ತೋಪುಗಳಿಗೆ ಹೋಲಿಸಿದರೆ ಒಂದೊಂದು ಜಾತಿಯ ಸಂಖ್ಯೆ ಇಲ್ಲಿ ಕಡಿಮೆ. ಕಾರಣ, ಮೊಟ್ಟೆ ಮರಿ ತಿನ್ನುವವರೂ ಇಲ್ಲಿ ಪೂರ್ತಿ ಉಳಿದುಕೊಂಡಿದ್ದಾರೆ. ಬೇರೆ ಕಡೆ ನಾವು ಅವರನ್ನು ಮುಗಿಸಿದ್ದೇವೆ.

ಈಗ ಕೋರ್ಟಿನ ಕತೆ. ಸ್ಪ್ರೂಸ್ ಮರಕ್ಕೆ ಒಂದು ತೊಗಟೆ ಜೀರುಂಡೆ ಇದೆ, ನಾಲ್ಕೈದು ಮಿಲಿಮೀಟರ್ ಉದ್ದ. ಗಂಡು ಮೊದಲು ತೊಗಟೆ ಕೊರೆದು ಒಳಗೆ ಹೋಗಿ ವಾಸನೆ ಬಿಟ್ಟು ಉಳಿದವರನ್ನು ಕರೆಯುತ್ತದೆ. ಹೆಣ್ಣು ತೊಗಟೆಯಡಿ ಸುರಂಗ ತೋಡಿ ಮೊಟ್ಟೆ ಇಡುತ್ತದೆ, ಮರಿಹುಳಗಳು ಮರದ ಆಹಾರ ಹರಿಯುವ ಪದರವನ್ನೇ ತಿಂದುಬಿಡುತ್ತವೆ. ಗಟ್ಟಿಮುಟ್ಟಾದ ಮರ ಅಂಟು ಸುರಿಸಿ ಅವುಗಳನ್ನು ಹೊರಗೆ ತಳ್ಳುತ್ತದೆ. ನೀರಿಲ್ಲದೆ ಸೊರಗಿದ ಮರಕ್ಕೆ ಅದು ಆಗುವುದಿಲ್ಲ. ಬರಗಾಲ, ಬೆಚ್ಚನೆಯ ಬೇಸಿಗೆ, ಇಳಿದ ಅಂತರ್ಜಲ ಮೂರೂ ಸೇರಿ 2012ರ ಸುಮಾರಿಗೆ ಹಾವಳಿ ಶುರುವಾಯಿತು. ಸಾವಿರಾರು ಸ್ಪ್ರೂಸ್ ಒಣಗಿದವು. ನಿಮ್ಮ ಅಪ್ಪ ನೋಡಿದ ಬೂದು ಮರಗಳಲ್ಲಿ ಬಹಳಷ್ಟು ಅವೇ.

ಆಗಿನ ಪರಿಸರ ಮಂತ್ರಿ ಯಾನ್ ಶಿಶ್ಕೊ ಸ್ವತಃ ಅರಣ್ಯಶಾಸ್ತ್ರದ ಪ್ರೊಫೆಸರ್. ಅವರದು ನಿಮ್ಮ ಅಪ್ಪನದೇ ತರ್ಕ. ರೋಗದ ಮರ ಕಡಿದು ಸಾಗಿಸದಿದ್ದರೆ ಕಾಡೇ ಹೋಗುತ್ತದೆ ಅಂದರು. ಬ್ಯಾವೊವಿಯೆಝಾ ಅರಣ್ಯ ವಲಯವೊಂದರಲ್ಲೇ ಹತ್ತು ವರ್ಷಕ್ಕೆ ಸುಮಾರು 63,000 ಘನ ಮೀಟರ್ ಅಂತ ಇದ್ದ ಕಡಿತದ ಮಿತಿಯನ್ನು 2016ರ ಮಾರ್ಚ್‌ನಲ್ಲಿ 188,000ಕ್ಕೆ ಏರಿಸಿದರು. ಇಲ್ಲೊಂದು ಸ್ಪಷ್ಟ ಮಾಡಬೇಕು, ಇದು ನ್ಯಾಷನಲ್ ಪಾರ್ಕಿನ ಒಳಗಲ್ಲ, ಅದರ ಸುತ್ತ ಸರ್ಕಾರಿ ಅರಣ್ಯ ಸಂಸ್ಥೆಯ ಕೈಯಲ್ಲಿರುವ ಕಾಡಿನಲ್ಲಿ. ಅದೂ ಯುನೆಸ್ಕೊ ವಿಶ್ವ ಪಾರಂಪರಿಕ ತಾಣದ ಭಾಗವೇ, ಅಲ್ಲೂ ನೂರು ವರ್ಷ ಮೀರಿದ ಮರಗಳಿದ್ದವು. ಜನ ಬಂದು ಯಂತ್ರಗಳಿಗೆ ತಮ್ಮನ್ನು ಸರಪಳಿಯಲ್ಲಿ ಕಟ್ಟಿಕೊಂಡು ಕೂತರು. 2017ರ ಜುಲೈನಲ್ಲಿ ಯುರೋಪಿಯನ್ ಯೂನಿಯನ್ ಕೋರ್ಟ್ ಕಡಿತ ನಿಲ್ಲಿಸಿ ಅಂದಿತು, ನಿಲ್ಲಲಿಲ್ಲ. ನವೆಂಬರ್‌ನಲ್ಲಿ, ಇನ್ನೂ ಮುಂದುವರಿಸಿದರೆ ದಿನಕ್ಕೆ ಕಡಿಮೆ ಅಂದರೂ ಒಂದು ಲಕ್ಷ ಯೂರೊ ದಂಡ ಅಂತ ಹೇಳಿದ ಮೇಲೆ ಯಂತ್ರಗಳು ಹೊರಗೆ ಹೋದವು. 2018ರ ಜನವರಿಯಲ್ಲಿ ಮಂತ್ರಿ ಹುದ್ದೆ ಕಳೆದುಕೊಂಡರು. ಏಪ್ರಿಲ್ 17ರಂದು ಅಂತಿಮ ತೀರ್ಪು ಬಂತು, ಪೋಲೆಂಡ್ ಕಾನೂನು ಮುರಿದಿದೆ ಅಂತ.

ಕೋರ್ಟ್ ಹೇಳಿತು ಅಂದ ಮಾತ್ರಕ್ಕೆ ಒಪ್ಪಬೇಕಾಗಿಲ್ಲ. ತರ್ಕ ನೋಡಿ. ಕಾಂಡಕೊರಕದ ಗಿಡವನ್ನು ಹುಳ ಒಳಗಿರುವಾಗಲೇ ಕಿತ್ತರೆ ಪ್ರಯೋಜನ, ಹಾರಿಹೋದ ಮೇಲೆ ಕಿತ್ತು ಏನು ಬಂತು? ತೊಗಟೆ ಉದುರಿ ಬೆತ್ತಲೆ ನಿಂತ ಸ್ಪ್ರೂಸ್‌ನಲ್ಲಿ ಆ ಜೀರುಂಡೆ ಇಲ್ಲವೇ ಇಲ್ಲ. ಬದಲಿಗೆ ಅದನ್ನು ತಿನ್ನುವ ಬೇರೆ ಜೀರುಂಡೆಗಳು, ಪುಟ್ಟ ಕಣಜಗಳು, ಮೂರು ಬೆರಳಿನ ಮರಕುಟಿಗಗಳು ಅಲ್ಲೇ ಇರುತ್ತವೆ. ಆ ಮರ ಕಡಿದರೆ ಪೊಲೀಸರನ್ನು ಓಡಿಸಿ ಕಳ್ಳನನ್ನು ಬಿಟ್ಟ ಹಾಗೆ. ಹುಳ ಒಳಗಿರುವ ಮರಗಳನ್ನೇ ಹುಡುಕಿ ಕೆಲವೇ ವಾರಗಳಲ್ಲಿ ಕಡಿದು ಸಾಗಿಸುವುದು ತೋಟದಲ್ಲಿ ಸಾಧ್ಯ, ನೂರಾರು ಚದರ ಕಿಲೋಮೀಟರ್ ಮಿಶ್ರ ಕಾಡಿನಲ್ಲಿ ಅಲ್ಲ. ಕೆಲವು ವರ್ಷದಲ್ಲಿ ಹಾವಳಿ ತಾನಾಗಿ ಇಳಿಯಿತು. ಮೊದಲ ಮಹಾಯುದ್ಧ ಮುಗಿದ ಹೊತ್ತಿನಲ್ಲೂ ಒಮ್ಮೆ ಜೋರಾಗಿ ಬಂದು ಹೋಗಿತ್ತು. ಸತ್ತ ಸ್ಪ್ರೂಸ್‌ಗಳ ಕೆಳಗೆ ಬೆಳಕು ಬಿದ್ದು ಹಾರ್ನ್‌ಬೀಮ್, ಲಿಂಡನ್ ಅನ್ನುವ ಅಗಲ ಎಲೆಯ ಮರಗಳ ಸಸಿಗಳು ಎದ್ದಿವೆ. ಸ್ಪ್ರೂಸ್ ಮೂಲತಃ ಚಳಿನಾಡಿನ ಮರ, ಈ ಬಿಸಿ ಹೀಗೇ ಏರಿದರೆ ಅಲ್ಲಿ ಅದರ ಪಾಲು ಕಡಿಮೆಯಾಗುತ್ತದೆ. ಬೇಜಾರಾಗುತ್ತದೆ, ನಿಜ. ಆದರೆ ಅದನ್ನು ಗರಗಸದಿಂದ ತಡೆಯಲಾಗುವುದಿಲ್ಲ.

ಅರಣ್ಯ ಇಲಾಖೆಯವರ ಒಂದು ವಾದ ಮಾತ್ರ ಸರಿ, ಅದನ್ನು ನಾನು ಒಪ್ಪುತ್ತೇನೆ. ಜನ ಓಡಾಡುವ ರಸ್ತೆ, ಕಾಲುದಾರಿ ಪಕ್ಕ ಒಣಗಿ ನಿಂತ ಮರ ತಲೆ ಮೇಲೆ ಬೀಳಬಹುದು. ಅದನ್ನು ಕಡಿಯಲಿ, ಕಡಿದು ಅಲ್ಲೇ ಬಿಡಲಿ. ಲಾರಿಗೆ ಏರಿಸುವುದು ಯಾಕೆ?

“ಆದಿಮ” ಅನ್ನುವ ಪದಕ್ಕೆ ಬರೋಣ. ಯುರೋಪಿನ ಕೊನೆಯ ಆದಿಮ ಕಾಡು ಅನ್ನುವುದು ಪ್ರವಾಸದ ಜಾಹೀರಾತಿನ ಮಾತು. ಕಾರ್ಪೇಥಿಯನ್ ಬೆಟ್ಟಗಳಲ್ಲಿ, ರಷ್ಯಾದ ಉತ್ತರದಲ್ಲಿ ಹಳೇ ಕಾಡುಗಳಿವೆ. ಬಯಲುಸೀಮೆಯ ಅಗಲ ಎಲೆಯ ಮಿಶ್ರ ಕಾಡು ಇಷ್ಟು ದೊಡ್ಡದಾಗಿ, ಇಷ್ಟು ಚೆನ್ನಾಗಿ ಉಳಿದಿರುವುದು ಇಲ್ಲಿ ಅಂದರೆ ಸರಿ. ಯಾಕೆ ಉಳಿಯಿತು ಅಂದರೆ ರಾಜರ ಬೇಟೆಗಾಗಿ. ನಮ್ಮ ಬಂಡೀಪುರ ಮೈಸೂರು ಮಹಾರಾಜರ ಬೇಟೆಯ ಕಾಡಾಗಿ ಉಳಿದ ಹಾಗೆ. ಲಿಥುವೇನಿಯಾದ ದೊರೆಗಳು, ಪೋಲೆಂಡಿನ ರಾಜರು, 1795ರ ನಂತರ ರಷ್ಯಾದ ಝಾರ್‌ಗಳು, ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಬಲಗೈ ಗೋರಿಂಗ್, ಆಮೇಲೆ ಸೋವಿಯತ್ ನಾಯಕರು, ಎಲ್ಲರಿಗೂ ಇದು ಬೇಟೆಯ ಕಾಡು. ಬೆಲಾರೂಸ್ ಬದಿಯಲ್ಲಿ ವಿಸ್ಕುಲಿ ಅನ್ನುವ ಬೇಟೆ ಬಂಗಲೆ ಇದೆ. 1991ರ ಡಿಸೆಂಬರ್ 8ರಂದು ರಷ್ಯಾ, ಉಕ್ರೇನ್, ಬೆಲಾರೂಸ್ ನಾಯಕರು ಕೂತು ಸೋವಿಯತ್ ಒಕ್ಕೂಟ ಮುಗಿಯಿತು ಅಂತ ಸಹಿ ಹಾಕಿದ್ದು ಅಲ್ಲೇ, ಕಾಡಿನ ನಡುವೆ.

ಹಾಗಂತ ಮನುಷ್ಯ ಕಾಲಿಡದ ಕಾಡೇನಲ್ಲ. ಒಳಗೆ ಹಳೇ ಸಮಾಧಿ ದಿಬ್ಬಗಳಿವೆ. ಜನ ಇದ್ದಿಲು ಸುಟ್ಟಿದ್ದಾರೆ, ಟಾರು ಇಳಿಸಿದ್ದಾರೆ, ದನ ಮೇಯಿಸಿದ್ದಾರೆ. ಬದುಕಿರುವ ಪೈನ್ ಮರದ ಎತ್ತರದಲ್ಲಿ ಗೂಡು ಕೊರೆದು ಅದರಲ್ಲೇ ಜೇನು ಸಾಕುತ್ತಿದ್ದರು, ಆ ಗುರುತಿನ ಮರಗಳು ಈಗಲೂ ಅಲ್ಲಲ್ಲಿ ಕಾಣುತ್ತವೆ. ಆದಿಮ ಅಂದರೆ ಮುಟ್ಟದ ಕಾಡು ಅಂತ ಅರ್ಥವಲ್ಲ. ಕೊನೆಯ ಹಿಮಯುಗ ಮುಗಿದ ಮೇಲೆ ಬೆಳೆದ ಕಾಡು ಎಲ್ಲೂ ಪೂರ್ತಿ ಬೋಳಾಗದೆ ಇವತ್ತಿನವರೆಗೆ ಒಂದೇ ಎಳೆಯಾಗಿ ಬಂದಿದೆ ಅಂತ ಅರ್ಥ. ಆ ಎಳೆ ಹೆಚ್ಚುಕಡಿಮೆ ಹರಿಯುವುದರಲ್ಲಿತ್ತು. 1915ರಿಂದ 1918ರವರೆಗೆ ಜರ್ಮನ್ ಸೇನೆ ಕಾಡಿನೊಳಗೆ ರೈಲು ಹಳಿ ಹಾಕಿ, ಮಿಲ್ ಕಟ್ಟಿ, 40 ಲಕ್ಷ ಘನ ಮೀಟರಿಗೂ ಹೆಚ್ಚು ಮರ ಹೊತ್ತೊಯ್ದಿತು. ಯುದ್ಧ ಮುಗಿದ ಮೇಲೆ 1924ರಲ್ಲಿ ಒಂದು ಬ್ರಿಟಿಷ್ ಕಂಪನಿಗೆ ಗುತ್ತಿಗೆ ಹೋಯಿತು, ಅವರು ಕಡಿದ ರೀತಿ ನೋಡಿ ಪೋಲೆಂಡ್ ಸರ್ಕಾರವೇ 1929ರಲ್ಲಿ ಅದನ್ನು ರದ್ದು ಮಾಡಿತು. ಈ ಎರಡು ಏಟುಗಳ ನಡುವೆ ಸಸ್ಯಶಾಸ್ತ್ರಜ್ಞ ವ್ಲಾದಿಸ್ವಾಫ್ ಶಾಫೆರ್ ಮುಂತಾದವರ ಒತ್ತಾಯದಿಂದ 1921ರಲ್ಲಿ ಒಂದು ತುಂಡನ್ನು ಕಾಪಿಟ್ಟರು. 1932ರಲ್ಲಿ ಅದು ನ್ಯಾಷನಲ್ ಪಾರ್ಕ್ ಆಯಿತು. ಗೈಡ್ ಇಲ್ಲದೆ ಬಿಡುವುದಿಲ್ಲ ಅಂದ ಗೇಟ್ ದಾಟಿ ನೀವು ನಡೆದಿದ್ದು ಆ ತುಂಡಿನಲ್ಲಿ.

ಇನ್ನು ಕಾಟಿ. ಅಲ್ಲ, ಅದು ನಮ್ಮ ಕಾಟಿ ಅಲ್ಲ. ಬ್ರಿಟಿಷರು ನಮ್ಮ ಕಾಟಿಗೆ ಇಂಡಿಯನ್ ಬೈಸನ್ ಅಂತ ಹೆಸರಿಟ್ಟು ನಮ್ಮನ್ನು ಗೊಂದಲಕ್ಕೆ ಹಾಕಿದರು. ನಮ್ಮ ಕಾಟಿ ದನದ ಸಂಬಂಧಿ, ನುಣುಪು ಮೈ, ಕಾಲಿಗೆ ಬಿಳಿ ಸಾಕ್ಸ್. ನೀವು ನೋಡಿದ್ದು ಯುರೋಪಿನ ಬೈಸನ್, ಪೋಲಿಷ್‌ನಲ್ಲಿ ಝುಬ್ರ್. ಕಂದು ಕೂದಲು, ಗಡ್ಡ, ಉಬ್ಬಿದ ಹೆಗಲು. ಇದರ ಕತೆ ಮರದ ಕತೆಗೆ ಪೂರ್ತಿ ಉಲ್ಟಾ. ಮರದ ವಿಷಯದಲ್ಲಿ ಕೈಕಟ್ಟಿ ಕೂರಬೇಕು ಅಂದೆ ಅಲ್ವಾ, ಇಲ್ಲಿ ಕೈಕಟ್ಟಿ ಕೂತಿದ್ದರೆ ಈ ಪ್ರಾಣಿ ಇವತ್ತು ಇರುತ್ತಿರಲಿಲ್ಲ.

1914ರಲ್ಲಿ ಈ ಕಾಡಿನಲ್ಲಿ ಏಳುನೂರಕ್ಕೂ ಹೆಚ್ಚು ಬೈಸನ್ ಇದ್ದವು. ಯುದ್ಧದಲ್ಲಿ ಹಸಿದ ಸೈನಿಕರು, ಆಮೇಲೆ ಕಳ್ಳಬೇಟೆಗಾರರು ಎಲ್ಲವನ್ನೂ ತಿಂದು ಮುಗಿಸಿದರು. 1919ರಲ್ಲಿ ಅಲ್ಲಿನ ಕೊನೆಯದು ಹೋಯಿತು, 1927ರಲ್ಲಿ ಕಾಕಸಸ್ ಬೆಟ್ಟದ ಕೊನೆಯದು. ಕಾಡಿನಲ್ಲಿ ಜಗತ್ತಿನಲ್ಲೆಲ್ಲೂ ಒಂದೂ ಇಲ್ಲ. ಉಳಿದಿದ್ದು ಝೂಗಳಲ್ಲಿ, ಜಮೀನ್ದಾರರ ಪಾರ್ಕುಗಳಲ್ಲಿ ಐವತ್ತು ಚಿಲ್ಲರೆ. 1865ರಲ್ಲಿ ಇದೇ ಕಾಡಿನಿಂದ ಪ್‌ಶ್ಚಿನಾ ಅನ್ನುವ ಊರಿನ ದೊರೆಗೆ ಒಂದು ಹೋರಿ ಮತ್ತು ಮೂರು ಹೆಣ್ಣು ಹೋಗಿದ್ದವು, ಅವುಗಳ ಸಂತತಿ ಈಗ ಕೆಲಸಕ್ಕೆ ಬಂತು. 1923ರಲ್ಲಿ ಇದಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಂಘ ಮಾಡಿದರು. ಒಂದೊಂದು ಪ್ರಾಣಿಗೂ ನಂಬರು, ಹೆಸರು, ತಂದೆ ತಾಯಿ ಯಾರು ಅಂತ ವಂಶದ ಪುಸ್ತಕ ಬರೆಯಲು ಶುರು ಮಾಡಿದರು, ಅದು ಈಗಲೂ ಪ್ರಕಟವಾಗುತ್ತದೆ. 1929ರಲ್ಲಿ ಬ್ಯಾವೊವಿಯೆಝಾಕ್ಕೆ ಮತ್ತೆ ತಂದು ಬೇಲಿಯೊಳಗೆ ಸಾಕಿದರು. 1952ರಲ್ಲಿ ಮೊದಲ ಸಲ ಕಾಡಿಗೆ ಬಿಟ್ಟರು. ಈಗ ಗಡಿಯ ಎರಡೂ ಬದಿ ಸೇರಿ ಸಾವಿರ ದಾಟಿವೆ. ಇಡೀ ಯುರೋಪಿನಲ್ಲಿ ಸ್ವತಂತ್ರವಾಗಿ ಓಡಾಡುವವು 2003ರಲ್ಲಿ ಸುಮಾರು 1,800 ಇದ್ದಿದ್ದು 2019ರ ಹೊತ್ತಿಗೆ 6,200 ದಾಟಿದವು, ಮರುವರ್ಷ ಅಳಿವಿನ ಅಪಾಯದ ಪಟ್ಟಿಯಲ್ಲಿ ಕಡಿಮೆ ಅಪಾಯದ ಮೆಟ್ಟಿಲಿಗೆ ಇಳಿಸಿದರು.

ಆದರೆ ಇವತ್ತಿನ ಎಲ್ಲ ಬೈಸನ್‌ಗಳ ಮೂಲ ಹನ್ನೆರಡೇ ಪ್ರಾಣಿ. ಬ್ಯಾವೊವಿಯೆಝಾದವುಗಳ ಮೂಲವಂತೂ ಏಳು. ತಲೆಮಾರುಗಟ್ಟಲೆ ಒಂದೇ ಮನೆಯೊಳಗೆ ಸಂಬಂಧ ಬೆಳೆಸಿದ ಹಾಗೆ. ಕಾಯಿಲೆ ಬಂದರೆ ಎಲ್ಲಕ್ಕೂ ಒಟ್ಟಿಗೆ ತಟ್ಟುವ ಭಯ ಯಾವಾಗಲೂ ಇದೆ. ಚಳಿಗಾಲದಲ್ಲಿ ಒಣಹುಲ್ಲು ಹಾಕುತ್ತಾರೆ. ಹಾಕಿದ ಕಡೆ ಡಜನ್‌ಗಟ್ಟಲೆ ಗುಂಪು ಸೇರುತ್ತವೆ, ಗುಂಪು ಸೇರಿದ ಕಡೆ ಹೊಟ್ಟೆಹುಳ ಹರಡುತ್ತದೆ. ಹಾಕದಿದ್ದರೆ ಹೊಲಕ್ಕೆ ನುಗ್ಗುತ್ತವೆ. ಆನೆ ಕಾಟ ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇತ್ತೀಚೆಗೆ ಕೆಲವು ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೈಸನ್ ಮೂಲತಃ ದಟ್ಟ ಕಾಡಿನ ಪ್ರಾಣಿಯೇ ಅಲ್ಲ, ಬಯಲಿನಲ್ಲಿ ಮೇಯುತ್ತಿದ್ದ ಪ್ರಾಣಿಯನ್ನು ನಾವು ಒತ್ತಿ ಒತ್ತಿ ಕಾಡಿಗೆ ಅಟ್ಟಿದ್ದೇವೆ ಅನ್ನುತ್ತಿದ್ದಾರೆ. ನನಗೆ ಅದು ಸರಿ ಅನ್ನಿಸುತ್ತದೆ. ಬಿಟ್ಟರೆ ಸಾಕು, ಅವು ಹುಲ್ಲುಗಾವಲಿಗೇ ಬಂದು ನಿಲ್ಲುತ್ತವೆ. ನೀವೂ ಬಯಲಲ್ಲೇ ನೋಡಿರಬೇಕು.

ನಿಜವಾದ ಜಗಳ ಇರುವುದು ಅಳತೆಯಲ್ಲಿ. ಎರಡು ದೇಶ ಸೇರಿ ಪಾರಂಪರಿಕ ತಾಣ ಸುಮಾರು 1,419 ಚದರ ಕಿಲೋಮೀಟರ್. ಬೆಲಾರೂಸ್ ಬದಿ ಪೂರ್ತಿ ನ್ಯಾಷನಲ್ ಪಾರ್ಕ್, ಆದರೆ ಅಲ್ಲಿ ಸೋವಿಯತ್ ಕಾಲದಲ್ಲಿ ಜೌಗು ಬಸಿದು ಹಾಳು ಮಾಡಿದ್ದಾರೆ. ಪೋಲೆಂಡ್ ಬದಿ ಪಾರ್ಕ್ ಇರುವುದು ಬರೀ 105 ಚದರ ಕಿಲೋಮೀಟರ್, ಅವರ ಪಾಲಿನ ಕಾಡಿನ ಆರರಲ್ಲಿ ಒಂದು. ನಿಮ್ಮ ಪಕ್ಕದ ಕುದುರೆಮುಖ ಪಾರ್ಕೇ 600 ಇದೆ. ಎಲ್ಲವನ್ನೂ ಪಾರ್ಕ್ ಮಾಡಿ ಅಂತ ದಶಕಗಳಿಂದ ಕೇಳುತ್ತಿದ್ದಾರೆ, ಆದರೆ ಪೋಲೆಂಡಿನ ಕಾನೂನಿನಲ್ಲಿ ಅದಕ್ಕೆ ಸ್ಥಳೀಯ ಪಂಚಾಯತಿಗಳ ಒಪ್ಪಿಗೆ ಬೇಕು, ಅವರು ಒಪ್ಪುವುದಿಲ್ಲ. ಕಾಡಂಚಿನ ಹೈನುಫ್ಕಾ ಊರಿನ ಕಡೆಯ ಜನಕ್ಕೆ ಸೌದೆ, ಮಿಲ್ ಕೆಲಸ, ಅಣಬೆ, ಬೆರ್ರಿ ಎಲ್ಲ ಕಾಡಿನಿಂದಲೇ. ನಗರದವರು ಬಂದು ನಮ್ಮ ಕಾಡಿಗೆ ಬೀಗ ಹಾಕುತ್ತಾರೆ ಅನ್ನುವ ಸಿಟ್ಟು. ಕಸ್ತೂರಿರಂಗನ್ ವರದಿ ಬಂದಾಗ ನಿಮ್ಮೂರಲ್ಲಿ ನಡೆದ ಸಭೆಗಳು ನೆನಪಿವೆಯಾ? ಭಾಷೆ ಒಂದು ಬದಲಾಯಿಸಿದರೆ ಅದೇ ಸಭೆ. ಈ ಸಿಟ್ಟನ್ನು ಅಜ್ಞಾನ ಅಂತ ತಳ್ಳಿಹಾಕುವ ನನ್ನ ವೃತ್ತಿಬಾಂಧವರ ಜೊತೆ ನನಗೆ ಜಗಳವಿದೆ.

ಗೋಡೆ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2021ರಲ್ಲಿ ಬೆಲಾರೂಸ್ ಮೂಲಕ ಮಧ್ಯಪ್ರಾಚ್ಯ, ಆಫ್ರಿಕಾದ ಜನ ಗಡಿಗೆ ಬಂದರು. ಈ ಕಾಡಿನ ಜೌಗು, ಚಳಿಯಲ್ಲಿ ಜನ ಸತ್ತರು, ಪ್ರಾಣಿಗಳ ಬಗ್ಗೆ ಮಾತಾಡುವ ಮೊದಲು ಅದನ್ನು ಹೇಳಬೇಕು. 2022ರಲ್ಲಿ ಪೋಲೆಂಡ್ 186 ಕಿಲೋಮೀಟರ್ ಉದ್ದ, ಐದೂವರೆ ಮೀಟರ್ ಎತ್ತರದ ಉಕ್ಕಿನ ಗೋಡೆ ಕಟ್ಟಿತು, ಅದು ಈ ಕಾಡನ್ನೂ ಸೀಳಿಕೊಂಡು ಹೋಗುತ್ತದೆ. ಬೈಸನ್‌ಗಳನ್ನು 1981ರಲ್ಲೇ ಸೋವಿಯತ್ ಬೇಲಿ ಬೇರೆ ಮಾಡಿತ್ತು. ಹೊಸದಾಗಿ ಪೆಟ್ಟು ಬೀಳುವುದು ದೊಡ್ಡ ಕಾಡುಬೆಕ್ಕಾದ ಲಿಂಕ್ಸ್‌ನಂಥವಕ್ಕೆ. ಸಂಖ್ಯೆಯೇ ಕಡಿಮೆ, ಒಂದೊಂದಕ್ಕೂ ದೊಡ್ಡ ಜಾಗ ಬೇಕು, ಆ ಕಡೆಯಿಂದ ಹೊಸ ರಕ್ತ ಬರದಿದ್ದರೆ ಈ ಕಡೆ ಉಳಿದವು ನಿಧಾನಕ್ಕೆ ಸೊರಗುತ್ತವೆ. ಗೋಡೆಯಲ್ಲಿ ಪ್ರಾಣಿಗಳಿಗೆ ಅಂತ ಗೇಟ್ ಇಟ್ಟಿದ್ದಾರೆ. ಗೇಟ್ ತೆರೆಯುವವರು ಯಾರು, ಯಾವಾಗ ಅನ್ನುವುದು ಲಿಂಕ್ಸ್‌ಗೆ ಗೊತ್ತಿರಬೇಕಲ್ಲ.

ಯಾವಾಗ ಹೋಗಬೇಕು ಅಂದರೆ, ಏನು ನೋಡಬೇಕು ಅನ್ನುವುದರ ಮೇಲಿದೆ. ಬೈಸನ್‌ಗೆ ಜನವರಿ, ಫೆಬ್ರವರಿ, ಬೆಳಗಿನ ಜಾವ, ಕಾಡಂಚಿನ ಹುಲ್ಲುಗಾವಲು. ದೂರದಿಂದ ನೋಡಿ, ಹತ್ತಿರ ಹೋಗಬೇಡಿ, ಹೋರಿ ನಮ್ಮ ಕಾಟಿಯಷ್ಟೇ ಮುಂಗೋಪಿ. ಸೆಪ್ಟೆಂಬರ್‌ನಲ್ಲಿ ಹೋದರೆ ಸಂಜೆ ಕೆಂಪು ಜಿಂಕೆ ಗಂಡುಗಳ ಗರ್ಜನೆ ಕೇಳುತ್ತದೆ. ನನ್ನ ಆಯ್ಕೆ ಏಪ್ರಿಲ್ ಕೊನೆ. ಮರ ಚಿಗುರುವ ಮೊದಲು ನೆಲಕ್ಕೆ ಬಿಸಿಲು ಬೀಳುವ ಎರಡು ಮೂರು ವಾರದಲ್ಲಿ ಬಿಳಿ ಹೂವು ಕಾಡು ತುಂಬ ಹಾಸಿಬಿಡುತ್ತದೆ, ಮರಕುಟಿಗಗಳು ಒಣಮರ ಬಾರಿಸುವ ಸದ್ದೂ ಆಗಲೇ ಜೋರು. ಗಡಿ ಹತ್ತಿರದ ಕೆಲವು ದಾರಿಗಳನ್ನು ಆಗಾಗ ಮುಚ್ಚುತ್ತಾರೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಒಂದು ಮರೆಯಬೇಡಿ, ಉಣುಗು. ವಸಂತದಿಂದ ಶರತ್ಕಾಲದವರೆಗೆ ಅಲ್ಲಿ ಬಹಳ. ಅವು ಹರಡುವ ಮೆದುಳು ಜ್ವರದ ವೈರಸ್ ನಮ್ಮ ಮಂಗನ ಕಾಯಿಲೆ ವೈರಸ್‌ನ ಹತ್ತಿರದ ನೆಂಟ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಸಿಕ್ಕಿದ್ದು ಇದೇ ಗುಂಪಿನ ವೈರಸ್. ಯುರೋಪಿನದಕ್ಕೆ ಒಳ್ಳೆಯ ಲಸಿಕೆ ಇದೆ, ವಾರ್ಸಾದಲ್ಲಿ ಸಿಗುತ್ತದೆ. ಒಂದೇ ಡೋಸ್ ಸಾಲುವುದಿಲ್ಲ, ಹಾಗಾಗಿ ಏಪ್ರಿಲ್‌ಗೆ ಹೋಗುವುದಾದರೆ ಚಳಿಗಾಲದಲ್ಲೇ ಶುರು ಮಾಡಿ. ಅಪ್ಪ ಅಮ್ಮ ಬರುವುದಾದರೆ ಅವರಿಗೂ ಡಾಕ್ಟರನ್ನು ಕೇಳಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿಕೊಳ್ಳಲು ಮಾತ್ರ ಅವರಿಗೆ ಹೇಳಿಕೊಡಬೇಕಾಗಿಲ್ಲ, ಮಲೆನಾಡಿನವರಿಗೆ ಜಿಗಣೆ ಅದನ್ನು ಚಿಕ್ಕಂದಿನಲ್ಲೇ ಕಲಿಸಿರುತ್ತದೆ.